ಲಿಫ್ಟ್ ಹಾಕಿಸಿದ ಮೇಲೆ ಗಾಡಿ ಉಜ್ಜುತ್ತಿದೆಯಾ, ನಡುಗುತ್ತಿದೆಯಾ? ಇನ್ನೊಂದು ಇಂಚು ಎತ್ತುವ ಮುಂಚೆ ಇದನ್ನು ನೋಡಿ

ಲಿಫ್ಟ್ (ಗಾಡಿಯನ್ನು ಎತ್ತರಿಸುವ ಕಿಟ್) ಹಾಕಿಸಿ, ದೊಡ್ಡ ಟೈರ್ ಏರಿಸಿ, ನಾಲ್ಕು ದಿಕ್ಕಿನಿಂದಲೂ ಫೋಟೋ ತೆಗೆದದ್ದಾಯಿತು. ಒಂದು ವಾರ ಖುಷಿಯೋ ಖುಷಿ. ಆಮೇಲೆ ಒಂದೊಂದೇ ಶುರುವಾಗುತ್ತದೆ. ಸ್ಟೇರಿಂಗ್ ಫುಲ್ ಕಟ್ ಹೊಡೆದರೆ ಎಲ್ಲೋ ಉಜ್ಜುವ ಸದ್ದು, 80 ದಾಟಿದರೆ ಸೀಟಿನಡಿ ನಡುಕ, ತಿರುವು ಮುಗಿದರೂ ತಾನಾಗಿ ನೆಟ್ಟಗೆ ಬಾರದ ಸ್ಟೇರಿಂಗ್. ಯಾರನ್ನಾದರೂ ಕೇಳಿದರೆ "ಇನ್ನೊಂದು ಇಂಚು ಎತ್ತಿಬಿಡಿ, ಸರಿಹೋಗುತ್ತೆ" ಎನ್ನುವವರು ಖಂಡಿತ ಒಬ್ಬರು ಸಿಗುತ್ತಾರೆ. ಅದಕ್ಕೆ ಮಾತ್ರ ಈಗಲೇ ಒಪ್ಪಬೇಡಿ. ನಾನು ನೋಡಿದ ಹೆಚ್ಚಿನ ಗಾಡಿಗಳಲ್ಲಿ ಲಿಫ್ಟ್ ಕಡಿಮೆ ಆಗಿದ್ದಕ್ಕಿಂತ ಲಿಫ್ಟ್ ಹಾಕಿದ ಮೇಲೆ ಸರಿಮಾಡಬೇಕಿದ್ದ ಕೆಲಸ ಬಾಕಿ ಉಳಿದದ್ದೇ ಜಾಸ್ತಿ. ಇನ್ನೂ ಎತ್ತಿದರೆ ಆ ಬಾಕಿಯೂ ಜೊತೆಗೆ ಬೆಳೆಯುತ್ತದೆ, ಅಷ್ಟೇ.

ಇಲ್ಲಿ ಒಂದು ಗೊಂದಲ ಬಿಡಿಸಿಕೊಂಡರೆ ಮುಂದಿನದು ಸುಲಭ. ಸಸ್ಪೆನ್ಷನ್ ಲಿಫ್ಟ್ ಎತ್ತುವುದು ಚಾಸಿ ಮತ್ತು ಬಾಡಿಯನ್ನು. ಗಟ್ಟಿ ಆಕ್ಸಲ್ (ಎರಡೂ ಚಕ್ರಕ್ಕೆ ಒಂದೇ ಅಖಂಡ ಅಚ್ಚು) ಇರುವ ಗಾಡಿಯಲ್ಲಿ ಡಿಫರೆನ್ಷಿಯಲ್, ಅಂದರೆ ಆಕ್ಸಲ್ ನಡುವಿನ ಗೇರ್ ಉಂಡೆ, ಇದ್ದಲ್ಲೇ ಇರುತ್ತದೆ, ಒಂದು ಕೂದಲಿನಷ್ಟೂ ಮೇಲೆ ಬರುವುದಿಲ್ಲ. ಅದನ್ನು ಎತ್ತಲು ಟೈರಿನಿಂದ ಮಾತ್ರ ಸಾಧ್ಯ, ಅದೂ ಟೈರ್ ಬೆಳೆದದ್ದರ ಅರ್ಧ. 245/75 R16 (ಅಗಲ 245 ಮಿ.ಮೀ., ಪಕ್ಕದ ಗೋಡೆ ಅದರ ಶೇ 75, ರಿಮ್ 16 ಇಂಚು) ಟೈರಿನ ಎತ್ತರ ಸುಮಾರು 774 ಮಿ.ಮೀ. 285/75 R16 ಹಾಕಿದರೆ 834. ಟೈರ್ 60 ಮಿ.ಮೀ. ಬೆಳೆಯಿತು, ಆದರೆ ಡಿಫರೆನ್ಷಿಯಲ್ ಕೆಳಗೆ ಸಿಕ್ಕ ಜಾಗ 30 ಮಾತ್ರ. ಕಲ್ಲಿಗೆ ಡಿಫರೆನ್ಷಿಯಲ್ ತಗಲುತ್ತಿದೆ ಎಂದು 3 ಇಂಚು ಲಿಫ್ಟ್ ಹಾಕಿಸಿದವರನ್ನು ನೋಡಿದ್ದೇನೆ. ಲಿಫ್ಟ್ ಆದ ಮೇಲೂ ಅದೇ ಕಲ್ಲಿಗೆ ಅದೇ ಜಾಗ ತಗಲಿತು.

ಹುಡುಕಲು ಕೂರುವ ಮುಂಚೆ

ಗಾಡಿ ತೊಳೆಯಿರಿ. ತಮಾಷೆಯಲ್ಲ. ರಿಮ್ಮಿನ ಒಳಗೆ ಒಣಗಿ ಕೂತ ಕೆಸರು ಬ್ಯಾಲೆನ್ಸಿಂಗನ್ನು ಪೂರ್ತಿ ಹಾಳುಮಾಡುತ್ತದೆ. ಕಾಡುದಾರಿಯಿಂದ ಬಂದ ಮರುದಿನ ಶುರುವಾದ ನಡುಕಕ್ಕೆ ನೀರಿನ ಪೈಪೇ ಮದ್ದು.

ಆಮೇಲೆ ಒಂದು ಟೇಪ್ ಹಿಡಿದು ನಾಲ್ಕೂ ಚಕ್ರದಲ್ಲಿ ಹಬ್ಬಿನ ನಡುವಿನಿಂದ ಮೇಲೆ ಮಡ್‌ಗಾರ್ಡ್ ಅಂಚಿನವರೆಗೆ ಅಳೆಯಿರಿ. ನೆಲದಿಂದ ಅಳೆಯಬೇಡಿ, ಟೈರಿನ ಎತ್ತರ, ಗಾಳಿ ಎಲ್ಲ ಅದರಲ್ಲಿ ಸೇರಿಕೊಳ್ಳುತ್ತವೆ. ಎಡಕ್ಕೂ ಬಲಕ್ಕೂ ವ್ಯತ್ಯಾಸ ಎಷ್ಟು, 2 ಇಂಚು ಎಂದು ಕೊಂಡ ಕಿಟ್ ನಿಜಕ್ಕೂ ಎಷ್ಟು ಎತ್ತಿದೆ, ಎರಡೂ ಇಲ್ಲಿ ಗೊತ್ತಾಗುತ್ತವೆ. ಲಿಫ್ಟ್‌ಗೆ ಮೊದಲಿನ ಅಳತೆ ನಿಮ್ಮಲ್ಲಿ ಇರುವುದಿಲ್ಲ ಅಂತ ನನಗೆ ಗೊತ್ತು, ಯಾರೂ ಬರೆದಿಡುವುದಿಲ್ಲ. ಅದೇ ಮಾಡೆಲಿನ ಎತ್ತದ ಗಾಡಿ ಸಿಕ್ಕರೆ ಅದನ್ನು ಅಳೆದುಕೊಳ್ಳಿ.

ಮೂರನೆಯದು, ದೋಷ ಯಾವಾಗ ಬರುತ್ತದೆ ಎಂದು ಗಮನಿಸಿ. ತಿರುಗಿಸಿದಾಗಲೋ, ಗುಂಡಿಗೆ ಇಳಿದಾಗಲೋ, ಒಂದು ವೇಗದಲ್ಲೋ, ಆಕ್ಸಿಲರೇಟರ್ ಒತ್ತಿದಾಗಲೋ. "ಸುಮ್ನೆ ಯಾವಾಗಲೂ ಬರುತ್ತೆ" ಎಂದರೆ ನೀವು ಇನ್ನೂ ಸರಿಯಾಗಿ ಗಮನಿಸಿಲ್ಲ ಎಂದೇ ಅರ್ಥ.

ಟೈರ್ ಉಜ್ಜುತ್ತಿದೆ

ಉಜ್ಜುವ ಜಾಗ ಕಣ್ಣಿಗೆ ಬೀಳದಿದ್ದರೆ ಅನುಮಾನ ಇರುವ ಕಡೆಗೆಲ್ಲ ಸೀಮೆಸುಣ್ಣ ದಪ್ಪಗೆ ಬಳಿದು ಒಂದು ಸುತ್ತು ಹೋಗಿ ಬನ್ನಿ. ಅಳಿಸಿದ ಜಾಗವೇ ಉತ್ತರ.

ಸಮತಟ್ಟಾದ ಜಾಗದಲ್ಲಿ, ಫುಲ್ ಕಟ್‌ನಲ್ಲಿ ಮಾತ್ರ ಉಜ್ಜಿದರೆ ಟೈರಿನ ಒಳಗಿನ ಭುಜ ಕೆಳಗಿನ ಕಂಟ್ರೋಲ್ ಆರ್ಮಿಗೋ (ಚಕ್ರವನ್ನು ಚಾಸಿಗೆ ಜೋಡಿಸುವ ತೋಳು) ಆಂಟಿ-ರೋಲ್ ಬಾರಿಗೋ (ಗಾಡಿ ವಾಲದಂತೆ ತಡೆಯುವ ಸರಳು) ತಗಲುತ್ತಿರಬಹುದು. ಹಾಗಿದ್ದರೆ ನೀವು 6 ಇಂಚು ಎತ್ತಿದರೂ ಅದು ಹೋಗುವುದಿಲ್ಲ. ಯಾಕೆಂದರೆ ಆರ್ಮಿನ ಆ ತುದಿ ಚಕ್ರದ ಜೊತೆಗೇ ಮೇಲೆ ಕೆಳಗೆ ಹೋಗುತ್ತದೆ, ಎರಡರ ನಡುವಿನ ದೂರ ಲಿಫ್ಟ್‌ನಿಂದ ಬದಲಾಗುವುದಿಲ್ಲ. ಇದು ರಿಮ್ಮಿನ ಆಫ್‌ಸೆಟ್ಟಿನ ವಿಷಯ, ಅಂದರೆ ರಿಮ್ ಎಷ್ಟು ಒಳಗೆ ಅಥವಾ ಹೊರಗೆ ಕೂರುತ್ತದೆ ಎಂಬುದು. ಮೇಲಿನ ಲೆಕ್ಕದ ಟೈರನ್ನೇ ತೆಗೆದುಕೊಳ್ಳಿ, 245 ರಿಂದ 285 ಎಂದರೆ 40 ಮಿ.ಮೀ. ಅಗಲ ಜಾಸ್ತಿ. ರಿಮ್ ಹಳೆಯದೇ ಆದರೆ ಸುಮಾರು 20 ಒಳಗೆ, 20 ಹೊರಗೆ. ಒಳಗೆ ಆ 20 ಮಿ.ಮೀ. ಜಾಗ ಮೊದಲೇ ಇರಲಿಲ್ಲ ಎಂದಾದರೆ ಉಜ್ಜಲೇಬೇಕಲ್ವಾ? ಪರಿಹಾರ ಎರಡು. ಕಡಿಮೆ ಆಫ್‌ಸೆಟ್ಟಿನ ರಿಮ್ ಹಾಕಿ ಚಕ್ರವನ್ನು ಹೊರಗೆ ತಳ್ಳುವುದು, ಇಲ್ಲವೇ ಸ್ಟೇರಿಂಗ್ ಸ್ಟಾಪ್ ಬೋಲ್ಟನ್ನು ಸ್ವಲ್ಪ ಹೊರಗೆ ತೆಗೆದು ಕಟ್ ಕಡಿಮೆ ಮಾಡುವುದು. ಎರಡನೆಯದು ಅಗ್ಗ, ಆದರೆ ತಿರುಗಲು ಜಾಗ ಜಾಸ್ತಿ ಬೇಕಾಗುತ್ತದೆ. ಇಕ್ಕಟ್ಟಿನ ದಾರಿಯಲ್ಲಿ ಅದರ ಬೆಲೆ ತಿಳಿಯುತ್ತದೆ.

ಚಕ್ರ ಹೊರಗೆ ತಳ್ಳುವುದೂ ಪುಕ್ಕಟೆಯಲ್ಲ. ಟೈರು ತಿರುಗುವಾಗ ದೊಡ್ಡ ಕಮಾನು ಬರೆಯುತ್ತದೆ. ಒಳಗೆ ಬಿಡಿಸಿಕೊಂಡದ್ದು ಈಗ ಮುಂದಿನ ಬಂಪರಿನ ಮೂಲೆಗೋ ಮಡ್‌ಗಾರ್ಡಿನ ಹಿಂದಿನ ತುದಿಗೋ ತಗಲುತ್ತದೆ. ವೀಲ್ ಬೇರಿಂಗ್, ಬಾಲ್ ಜಾಯಿಂಟ್ (ಚಕ್ರ ಎಡಬಲ ತಿರುಗಲು ಬಿಡುವ ಗುಂಡು ಜೋಡಣೆ) ಮೇಲೆ ಭಾರ ಜಾಸ್ತಿಯಾಗುತ್ತದೆ, ಗುಂಡಿಗೆ ಬಿದ್ದಾಗ ಸ್ಟೇರಿಂಗ್ ಕೈಯಿಂದ ಕಿತ್ತುಕೊಳ್ಳುತ್ತದೆ. ಹಾಗಾಗಿ ಎಷ್ಟು ಬೇಕೋ ಅಷ್ಟೇ ತಳ್ಳಿ, ನೋಡಲು ಚೆಂದ ಎಂದು ಇನ್ನೂ ಒಂದಿಷ್ಟು ಬೇಡ.

ಗುಂಡಿಗೆ ಇಳಿದಾಗ, ಹಳ್ಳ ದಾಟುವಾಗ, ಒಂದು ಚಕ್ರ ಮೇಲೆ ಒತ್ತಿಕೊಂಡಾಗ ಉಜ್ಜಿದರೆ ಅದು ಬೇರೆ ಕತೆ. ಲಿಫ್ಟ್ ಹಾಕಿದರೆ ಸಸ್ಪೆನ್ಷನ್ ನಿಂತ ಎತ್ತರ ಬದಲಾಗುತ್ತದೆಯೇ ಹೊರತು, ಪೂರ್ತಿ ಒತ್ತಿದಾಗ ಅದು ತಲುಪುವ ಜಾಗ ಅದೇ ಆಗಿರುತ್ತದೆ, ಬಂಪ್ ಸ್ಟಾಪ್ (ಸಸ್ಪೆನ್ಷನ್ ಇನ್ನೂ ಒತ್ತಿಕೊಳ್ಳದಂತೆ ತಡೆಯುವ ರಬ್ಬರ್ ತುಂಡು) ಎಲ್ಲಿದೆಯೋ ಅಲ್ಲಿಗೆ. ಹಳೆಯ ಬಂಪ್ ಸ್ಟಾಪ್ ಹಳೆಯ ಟೈರಿಗೆ ಲೆಕ್ಕ ಹಾಕಿದ್ದು. ಟೈರು 30 ಮಿ.ಮೀ. ಮೇಲೆ ಬೆಳೆದಿದ್ದರೆ ಸ್ಟಾಪ್ ಕೂಡ ಅಷ್ಟೇ ಕೆಳಗೆ ಬರಬೇಕು, ಇಲ್ಲವೇ ಮಡ್‌ಗಾರ್ಡ್ ಕತ್ತರಿಸಬೇಕು. ಬಂಪ್ ಸ್ಟಾಪ್ ಉದ್ದ ಮಾಡುವುದು ಚಿಕ್ಕ ಕೆಲಸ, ಆದರೂ ಕಿಟ್ ಹಾಕುವವರು ಹೆಚ್ಚಾಗಿ ಮರೆಯುವುದು ಇದನ್ನೇ. ಪರೀಕ್ಷೆ ಹೀಗೆ: ಮುಂದಿನ ಒಂದು ಚಕ್ರವನ್ನು ಗಟ್ಟಿ ದಿಬ್ಬದ ಮೇಲೆ ನಿಧಾನಕ್ಕೆ ಹತ್ತಿಸಿ, ಅದು ಪೂರ್ತಿ ಒತ್ತಿಕೊಂಡ ಮೇಲೆ ಸ್ಟೇರಿಂಗನ್ನು ಆ ಕಡೆಗೂ ಈ ಕಡೆಗೂ ಕೊನೆಯವರೆಗೆ ತಿರುಗಿಸಿ, ಇನ್ನೊಬ್ಬರು ಹೊರಗೆ ದೂರ ನಿಂತು ನೋಡಲಿ. ನಿಲ್ಲಿಸಿದ ಗಾಡಿಯಲ್ಲಿ ಬೆರಳು ತೂರಿಸಿ "ಜಾಗ ಇದೆ" ಎನ್ನುವುದು ಪರೀಕ್ಷೆಯೇ ಅಲ್ಲ.

ಅದೇ ಹೊತ್ತಿಗೆ ಕೆಳಗೆ ತೂಗುತ್ತಿರುವ ಇನ್ನೊಂದು ಚಕ್ರದ ಬ್ರೇಕ್ ಹೋಸ್ ಮತ್ತು ಎಬಿಎಸ್ ವೈರ್ ನೋಡಿ. ಬಿಗಿಯಾಗಿ ತಂತಿಯ ಹಾಗೆ ಎಳೆದುಕೊಂಡಿದ್ದರೆ ಅವತ್ತೇ ಉದ್ದದ ಹೋಸ್ ಹಾಕಿಸಿ. ಬೇರೆ ಎಲ್ಲ ದೋಷವೂ ನಾಳೆಗೆ ಕಾಯುತ್ತದೆ, ಇದು ಕಾಯುವುದಿಲ್ಲ.

ನಡುಗುತ್ತಿದೆ

ಸ್ಟೇರಿಂಗ್ ನಡುಗಿದರೆ ಮುಂದೆ ನೋಡಿ, ಸೀಟು ನಡುಗಿದರೆ ಹಿಂದೆ. ಇದು ಯಾವಾಗಲೂ ಸರಿಯಲ್ಲ, ಆದರೆ ಶುರುಮಾಡಲು ಸಾಕು. ಆಮೇಲೆ ಖಾಲಿ ರಸ್ತೆಯಲ್ಲಿ ನಡುಗುವ ವೇಗಕ್ಕೆ ಹೋಗಿ ಆಕ್ಸಿಲರೇಟರ್ ಬಿಡಿ. ನಡುಕ ಹಾಗೇ ಇದ್ದು, ವೇಗ ಇಳಿದಾಗ ಮಾತ್ರ ಹೋದರೆ ಟೈರ್ ಅಥವಾ ರಿಮ್: ಬ್ಯಾಲೆನ್ಸಿಂಗ್, ಬೆಂಡು. ಆಕ್ಸಿಲರೇಟರ್ ಒತ್ತಿದಾಗ ಒಂದು ಥರ, ಬಿಟ್ಟಾಗ ಇನ್ನೊಂದು ಥರ ಆದರೆ ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸಿನಿಂದ ಆಕ್ಸಲ್‌ಗೆ ಬಲ ಒಯ್ಯುವ ಉದ್ದ ಕೊಳವೆ) ಮೇಲೆ ಅನುಮಾನ ಇಡಿ.

ಗಾಡಿ ಎತ್ತಿದಾಗ ಗೇರ್‌ಬಾಕ್ಸ್ ಮೇಲೆ ಹೋಗುತ್ತದೆ, ಆಕ್ಸಲ್ ಕೆಳಗೇ ಉಳಿಯುತ್ತದೆ, ನಡುವಿನ ಶಾಫ್ಟ್ ಜಾಸ್ತಿ ಓರೆಯಾಗುತ್ತದೆ. ಓರೆಯಾದ ಕ್ರಾಸ್ (ಶಾಫ್ಟ್ ತುದಿಯ ಬಾಗುವ ಜೋಡಣೆ) ಒಂದೇ ಸಮನಾಗಿ ತಿರುಗುವುದಿಲ್ಲ, ಪ್ರತಿ ಸುತ್ತಿನಲ್ಲೂ ಎರಡು ಸಲ ಜೋರಾಗಿ ಎರಡು ಸಲ ನಿಧಾನವಾಗುತ್ತದೆ. ಎರಡು ತುದಿಯಲ್ಲಿ ಒಂದೊಂದು ಕ್ರಾಸ್ ಇರುವ ಶಾಫ್ಟ್ ಆದರೆ ಒಂದು ತುದಿಯ ಈ ಏರಿಳಿತವನ್ನು ಇನ್ನೊಂದು ತುದಿ ಕಳೆದುಹಾಕಬೇಕು, ಅದಕ್ಕೆ ಎರಡೂ ಕೋನ ಒಂದೇ ಇರಬೇಕು, ಅಂದರೆ ಗೇರ್‌ಬಾಕ್ಸ್ ಕಡೆಯ ಗೆರೆಯೂ ಪಿನಿಯನ್ (ಶಾಫ್ಟ್ ಬಂದು ಸೇರುವ ಡಿಫರೆನ್ಷಿಯಲ್ ಗೇರ್) ಗೆರೆಯೂ ಸಮಾನಾಂತರ. ಗೇರ್‌ಬಾಕ್ಸ್ ಕಡೆ ಜೋಡಿ ಕ್ರಾಸ್ ಇರುವ ಶಾಫ್ಟ್ ಆದರೆ ಲೆಕ್ಕವೇ ಬೇರೆ, ಅಲ್ಲಿ ಪಿನಿಯನ್ ನೇರ ಶಾಫ್ಟ್ ಕಡೆಗೇ ಮುಖ ಮಾಡಿರಬೇಕು. ಇದು ಯಾವ ಥರದ್ದು ಎಂದು ನೋಡದೆ ಪಿನಿಯನ್ ತಿರುಗಿಸಿದವರು ನಡುಕವನ್ನು ಇನ್ನೂ ಜಾಸ್ತಿ ಮಾಡಿಕೊಂಡಿದ್ದಾರೆ. ಕೋನ ಅಳೆಯುವ ಮ್ಯಾಗ್ನೆಟ್ ಗೇಜ್ ಇದ್ದರೆ ಒಳ್ಳೆಯದು, ಫೋನಿನ ಆ್ಯಪ್ ಕೂಡ ನಡೆಯುತ್ತದೆ. ಲೀಫ್ ಸ್ಪ್ರಿಂಗ್ ಇದ್ದರೆ ಆಕ್ಸಲ್ ಕೆಳಗೆ ಓರೆ ಶಿಮ್ (ಬೆಣೆಯಂಥ ತುಂಡು) ಇಟ್ಟು ಸರಿಮಾಡುತ್ತಾರೆ, ಕಾಯಿಲ್ ಇದ್ದರೆ ಉದ್ದ ಹೊಂದಿಸಬಲ್ಲ ಆರ್ಮ್ ಬೇಕು.

ಪಾರ್ಟ್-ಟೈಮ್ 4x4 (ಬೇಕಾದಾಗ ಮಾತ್ರ ನಾಲ್ಕೂ ಚಕ್ರಕ್ಕೆ ಬಲ ಕೊಡುವ ಗಾಡಿ) ಆದರೆ ಒಂದು ಒಳ್ಳೆ ಉಪಾಯ ಇದೆ. ಮುಂದಿನ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿಟ್ಟು 2 ವೀಲ್‌ನಲ್ಲಿ ಓಡಿಸಿ. ನಡುಕ ಹೋದರೆ ಅರ್ಧ ಗಾಡಿಯನ್ನು ಹುಡುಕುವ ಕೆಲಸ ತಪ್ಪಿತು.

ಮುಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್ (ಎರಡೂ ಚಕ್ರ ಬೇರೆ ಬೇರೆಯಾಗಿ ಆಡುವಂಥದ್ದು) ಇರುವ ಗಾಡಿಯಲ್ಲಿ ಇದೇ ತೊಂದರೆ ಡ್ರೈವ್ ಶಾಫ್ಟಿನ ಸಿ.ವಿ. ಜಾಯಿಂಟಿನಲ್ಲಿ (ಚಕ್ರಕ್ಕೆ ಬಲ ಒಯ್ಯುವ ಬಾಗುವ ಜೋಡಣೆ) ಕಾಣಿಸುತ್ತದೆ. ರಬ್ಬರ್ ಬೂಟಿನ ಮಡಿಕೆಗಳು ಒಂದಕ್ಕೊಂದು ತಿಕ್ಕಿ ಹರಿಯುತ್ತವೆ, ರಿಮ್ಮಿನ ಒಳಗೆ ಗ್ರೀಸ್ ಎರಚಿರುತ್ತದೆ, ಆಮೇಲೆ ತಿರುವಿನಲ್ಲಿ ಟಕ್ ಟಕ್ ಸದ್ದು. 2-3 ಇಂಚಿನ ಆಚೆಗೆ ಇಂಥ ಗಾಡಿಗಳನ್ನು ಬರೀ ಸ್ಪೇಸರಿನಿಂದ (ನಡುವೆ ಇಡುವ ದಪ್ಪ ಬಿಲ್ಲೆ) ಎತ್ತುವುದು ನನಗಂತೂ ಒಪ್ಪಿಗೆಯಿಲ್ಲ, ಅದಕ್ಕಿಂತ ಮೇಲೆ ಬೇಕಿದ್ದರೆ ಡಿಫರೆನ್ಷಿಯಲನ್ನೂ ಕೆಳಗಿಳಿಸುವ ಪೂರ್ತಿ ಕಿಟ್ ಬೇಕು. ಅಂದಹಾಗೆ ಸ್ಟ್ರಟ್ಟಿನ (ಸ್ಪ್ರಿಂಗ್, ಶಾಕ್ ಎರಡೂ ಸೇರಿದ ಜೋಡಿ) ಮೇಲೆ ಇಡುವ ಸ್ಪೇಸರಿನ ದಪ್ಪ ನೋಡಿ ಮೋಸ ಹೋಗಬೇಡಿ. ಸ್ಟ್ರಟ್ ಕೂರುವುದು ಆರ್ಮಿನ ನಡುವೆ, ಚಕ್ರ ಇರುವುದು ತುದಿಯಲ್ಲಿ, ಹಾಗಾಗಿ ಚಕ್ರದ ಹತ್ತಿರ ಎತ್ತರ ಸ್ಪೇಸರಿನ ದಪ್ಪಕ್ಕಿಂತ ಜಾಸ್ತಿಯೇ ಬರುತ್ತದೆ.

ಸ್ಟೇರಿಂಗ್ ಹೇಳಿದ ಮಾತು ಕೇಳುತ್ತಿಲ್ಲ

ಗಾಡಿ ರಸ್ತೆಯಲ್ಲಿ ಆ ಕಡೆ ಈ ಕಡೆ ಅಲೆಯುತ್ತದೆ, ತಿರುವಿನ ನಂತರ ಸ್ಟೇರಿಂಗ್ ತಾನಾಗಿ ವಾಪಸ್ ಬರುವುದಿಲ್ಲ ಎಂದರೆ ಮೊದಲ ಅನುಮಾನ ಕ್ಯಾಸ್ಟರ್ ಮೇಲೆ. ಸೈಕಲ್ಲಿನ ಮುಂದಿನ ಫೋರ್ಕ್ ಹಿಂದಕ್ಕೆ ಓರೆಯಾಗಿರುತ್ತದಲ್ಲ, ಅದೇ ಥರದ ಓರೆ ಇದು. ಗಟ್ಟಿ ಆಕ್ಸಲ್ ಗಾಡಿಯನ್ನು ಹಳೆಯ ಆರ್ಮಿನ ಮೇಲೆಯೇ ಎತ್ತಿದಾಗ ಆಕ್ಸಲ್ ಮುಂದಕ್ಕೆ ಉರುಳಿ ಈ ಓರೆ ಕಡಿಮೆಯಾಗುತ್ತದೆ. ಅಲೈನ್ಮೆಂಟ್ ಮಾಡಿಸಿದ್ದೇನೆ ಎನ್ನುತ್ತೀರಿ, ಸರಿ, ಆದರೆ ಬರೀ ಟೋ (ಚಕ್ರಗಳ ಮುಂದಿನ ಅಂಚು ಒಳಗೋ ಹೊರಗೋ ತಿರುಗಿರುವುದು) ಹೊಂದಿಸಿ ಕಳಿಸಿರಬಹುದು. ಪ್ರಿಂಟ್ ಕೇಳಿ ಕ್ಯಾಸ್ಟರ್ ಎಷ್ಟಿದೆ ನೋಡಿ. ತಯಾರಕರು ಹೇಳಿದ ಸಂಖ್ಯೆಗಿಂತ ಕೆಳಗಿದ್ದರೆ ಉದ್ದ ಹೊಂದಿಸುವ ಆರ್ಮ್, ಕ್ಯಾಸ್ಟರ್ ಸರಿಮಾಡುವ ಬುಶ್ (ಬೋಲ್ಟಿನ ಸುತ್ತ ಕೂರುವ ಬಳೆ) ಅಥವಾ ಆರ್ಮನ್ನು ಕೆಳಗಿಳಿಸುವ ಬ್ರಾಕೆಟ್ ಬೇಕು. ಓರೆ ಜಾಸ್ತಿ ಮಾಡಿದಂತೆ ಮುಂದಿನ ಪಿನಿಯನ್ ಕೆಳಕ್ಕೆ ತಿರುಗುತ್ತದೆ ಎಂಬುದು ನೆನಪಿರಲಿ. ಇಲ್ಲಿ ಗೆದ್ದದ್ದನ್ನು ಪ್ರೊಪೆಲ್ಲರ್ ಶಾಫ್ಟಿನಲ್ಲಿ ಸೋಲಬಹುದು.

ಇನ್ನೊಂದು ಪ್ಯಾನ್‌ಹಾರ್ಡ್ ರಾಡ್, ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಹಿಡಿಯುವ ಅಡ್ಡ ಸರಳು. ಇದರ ಒಂದು ತುದಿ ಚಾಸಿಗೆ, ಇನ್ನೊಂದು ಆಕ್ಸಲ್‌ಗೆ. ಚಾಸಿ ಮೇಲೆ ಹೋದಂತೆ ರಾಡ್ ಕಡಿದಾಗಿ ನಿಲ್ಲುತ್ತದೆ, ಆಕ್ಸಲನ್ನು ತನ್ನ ಚಾಸಿ ತುದಿಯ ಕಡೆಗೆ ಎಳೆದುಕೊಳ್ಳುತ್ತದೆ. ಒಂದು ಬದಿ ಟೈರ್ ಮಡ್‌ಗಾರ್ಡಿನಿಂದ ಇನ್ನೊಂದು ಬದಿಗಿಂತ 20 ಮಿ.ಮೀ. ಜಾಸ್ತಿ ಹೊರಗೆ ಬಂದಂತೆ ಕಂಡರೆ ಆಕ್ಸಲ್ 10 ಮಿ.ಮೀ. ಸರಿದಿದೆ. ಉದ್ದ ಹೊಂದಿಸುವ ರಾಡ್ ಹಾಕಿದರೆ ನಡುವಿಗೆ ಬರುತ್ತದೆ. ಆದರೆ ಪ್ಯಾನ್‌ಹಾರ್ಡ್ ರಾಡ್ ಮತ್ತು ಸ್ಟೇರಿಂಗಿನ ಡ್ರ್ಯಾಗ್ ಲಿಂಕ್ (ಸ್ಟೇರಿಂಗ್ ಬಾಕ್ಸಿನಿಂದ ಚಕ್ರದ ಕಡೆಗೆ ಹೋಗುವ ಸರಳು) ಎರಡನ್ನೂ ಮುಂದಿನಿಂದ ನೋಡಿದಾಗ ಸಮಾನಾಂತರವಾಗಿ ಕಾಣಬೇಕು. ಡ್ರ್ಯಾಗ್ ಲಿಂಕಿಗೆ ಮಾತ್ರ ಕೆಳಗಿಳಿಸುವ ಪಿಟ್‌ಮನ್ ಆರ್ಮ್ (ಸ್ಟೇರಿಂಗ್ ಬಾಕ್ಸಿನ ತೋಳು) ಹಾಕಿ ಪ್ಯಾನ್‌ಹಾರ್ಡನ್ನು ಹಾಗೇ ಬಿಟ್ಟರೆ ಪ್ರತಿ ಗುಂಡಿಯಲ್ಲೂ ಗಾಡಿ ತಾನೇ ತಿರುಗುತ್ತದೆ, ನೀವು ಸ್ಟೇರಿಂಗ್ ಮುಟ್ಟದಿದ್ದರೂ.

ಎತ್ತಿದ ಮೇಲೆ ಸ್ಟೇರಿಂಗ್ ಸೊಟ್ಟಗಿದ್ದರೆ ಡ್ರ್ಯಾಗ್ ಲಿಂಕ್ ಉದ್ದ ಸರಿಮಾಡಿ ನೆಟ್ಟಗೆ ಮಾಡಿಕೊಳ್ಳಿ. ಇಎಸ್‌ಪಿ (ಗಾಡಿ ಜಾರದಂತೆ ತಾನೇ ಬ್ರೇಕ್ ಹಿಡಿಯುವ ವ್ಯವಸ್ಥೆ) ಇರುವ ಗಾಡಿಯಲ್ಲಿ ಇದು ಚೆಂದದ ಪ್ರಶ್ನೆ ಮಾತ್ರ ಅಲ್ಲ. ನೀವು ನೇರ ಹೋಗುತ್ತಿದ್ದರೂ ತಿರುಗಿಸುತ್ತಿದ್ದೀರಿ ಎಂದುಕೊಂಡು ಗಾಡಿ ತಾನೇ ಬ್ರೇಕ್ ಹಿಡಿಯಬಹುದು.

ಈಗ ಹೆದರಿಸುವ ದೋಷ, ಡೆತ್ ವಾಬಲ್. ಗಟ್ಟಿ ಮುಂದಿನ ಆಕ್ಸಲ್ ಇರುವ ಗಾಡಿ ಸ್ವಲ್ಪ ವೇಗದಲ್ಲಿ ಒಂದು ಗುಂಡಿಗೋ ರಸ್ತೆಯ ಜೋಡಣೆಗೋ ಬಡಿದ ಕೂಡಲೇ ಮುಂದಿನ ಚಕ್ರಗಳು ಎಡಬಲ ಬಡಿದಾಡಲು ಶುರುಮಾಡಿ ನಿಲ್ಲುವುದೇ ಇಲ್ಲ. ಆಗ ಸ್ಟೇರಿಂಗ್ ಗಟ್ಟಿ ಹಿಡಿದು ಆಕ್ಸಿಲರೇಟರ್ ಬಿಟ್ಟು ನಿಧಾನಕ್ಕೆ ವೇಗ ಇಳಿಸಿ, ನಿಂತ ಮೇಲೆ ಉಸಿರು ಬಿಡಿ. ನನಗೆ ಇದು ಮೊದಲ ಸಲ ಆದಾಗ ಸ್ಟೇರಿಂಗ್ ಡ್ಯಾಂಪರ್ (ಸ್ಟೇರಿಂಗ್ ಬಡಿತ ತಗ್ಗಿಸುವ ಶಾಕ್) ಬದಲಿಸಿದೆ, ಹೋಯಿತು. ಎರಡು ತಿಂಗಳಿಗೆ ವಾಪಸ್ ಬಂತು. ಟೈರ್ ಬ್ಯಾಲೆನ್ಸ್ ಮಾಡಿಸಿದೆ, ಸ್ವಲ್ಪ ಕಡಿಮೆಯಾಯಿತು. ಕೊನೆಗೆ ಸಿಕ್ಕಿದ್ದು ಪ್ಯಾನ್‌ಹಾರ್ಡ್ ರಾಡಿನ ಬೋಲ್ಟ್ ತೂತು. ಗುಂಡಗಿರಬೇಕಾದದ್ದು ಸವೆದು ಮೊಟ್ಟೆಯಾಕಾರ ಆಗಿತ್ತು. ಡ್ಯಾಂಪರ್ ದೋಷವನ್ನು ಮುಚ್ಚಿಡುತ್ತದೆ, ಅದರಿಂದ ವಾಸಿಯಾಗುವುದಿಲ್ಲ.

ಹುಡುಕುವ ವಿಧಾನ: ಚಕ್ರಗಳು ನೆಲದ ಮೇಲೇ ಇರಲಿ, ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಎಳೆದು ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಎಂಜಿನ್ ಚಾಲೂ ಇಟ್ಟು ಒಬ್ಬರು ಸ್ಟೇರಿಂಗನ್ನು ಚಿಕ್ಕದಾಗಿ ಎಡಬಲ ಆಡಿಸಲಿ. ನೀವು ಬದಿಯಿಂದ ಒಂದೊಂದೇ ಜೋಡಣೆ ನೋಡುತ್ತಾ ಹೋಗಿ: ಪ್ಯಾನ್‌ಹಾರ್ಡಿನ ಎರಡೂ ತುದಿ, ಟೈ ರಾಡ್ ಎಂಡ್ (ಎರಡು ಚಕ್ರಗಳನ್ನು ಜೋಡಿಸುವ ಸರಳಿನ ತುದಿ), ಡ್ರ್ಯಾಗ್ ಲಿಂಕ್, ಸ್ಟೇರಿಂಗ್ ಬಾಕ್ಸ್ ಚಾಸಿಗೆ ಕೂತ ಬೋಲ್ಟ್. ಬ್ರಾಕೆಟ್ ನಿಂತಿದ್ದು ಬೋಲ್ಟ್ ಮಾತ್ರ ಅಲುಗಿದರೆ ಅದೇ ಕಳ್ಳ. ಬಾಲ್ ಜಾಯಿಂಟ್ ಮತ್ತು ವೀಲ್ ಬೇರಿಂಗಿಗೆ ಮಾತ್ರ ಜ್ಯಾಕ್ ಹಾಕಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿ. ಪ್ಲೇ (ಸಡಿಲ) ಕೈಗೇ ಗೊತ್ತಾಗುತ್ತದೆ.

ಒರಟು ಸವಾರಿ, ಟಕ್ ಸದ್ದು

ಕಿಟ್ ಹೊಸದು, ಶಾಕ್ ಹೊಸದು, ಆದರೂ ಎತ್ತಿನ ಗಾಡಿಯಂತೆ ಕುಲುಕುತ್ತದೆ. ಮೊದಲು ಗಾಳಿ ನೋಡಿ, ಆಮೇಲೆ ಬುಶ್. ರಬ್ಬರ್ ಬುಶ್ ಇರುವ ಬೋಲ್ಟುಗಳನ್ನು ಗಾಡಿ ಜ್ಯಾಕ್ ಮೇಲೆ ತೂಗುತ್ತಿರುವಾಗ ಬಿಗಿದರೆ ರಬ್ಬರ್ ಅದೇ ಸ್ಥಿತಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಗಾಡಿ ನೆಲಕ್ಕಿಳಿದ ಮೇಲೆ ಅದು ಸದಾ ತಿರುಚಿಕೊಂಡೇ ಇರುತ್ತದೆ, ಸವಾರಿ ಬಿಗಿಯಾಗುತ್ತದೆ, ಕೆಲವೇ ತಿಂಗಳಲ್ಲಿ ಬುಶ್ ಹರಿಯುತ್ತದೆ. ಎಲ್ಲವನ್ನೂ ಸಡಿಲಿಸಿ, ಗಾಡಿಯ ಭಾರ ಚಕ್ರದ ಮೇಲಿರುವಾಗ ಮತ್ತೆ ಬಿಗಿಯಿರಿ. ಸ್ಪ್ಯಾನರ್ ಹಿಡಿಯಲು ಬಂದರೆ ಸಾಕು, ಹೊಸ ಸಾಮಾನೇನೂ ಬೇಡ.

ಅದೂ ಅಲ್ಲ ಎಂದರೆ ಸ್ಪ್ರಿಂಗ್ ಯಾವ ಭಾರಕ್ಕೆ ಮಾಡಿದ್ದು ಎಂದು ನೋಡಿ. ಕಬ್ಬಿಣದ ಬಂಪರ್, ವಿಂಚ್ ಹೊರುವ ಗಾಡಿಯ ಸ್ಪ್ರಿಂಗನ್ನು ಖಾಲಿ ಗಾಡಿಗೆ ಹಾಕಿದರೆ ಬೇಕಿದ್ದಕ್ಕಿಂತ ಎತ್ತರವೂ ಬರುತ್ತದೆ, ಬೆನ್ನೂ ನೋಯುತ್ತದೆ.

ಹಂಪ್ ಇಳಿಯುವಾಗ ಟಕ್ ಎಂದರೆ ಸಸ್ಪೆನ್ಷನ್ ಕೆಳಗೆ ಹೋಗುವಷ್ಟು ಹೋಗಿ ತುದಿಗೆ ಬಡಿಯುತ್ತಿದೆ. ಸ್ಪೇಸರ್ ಹಾಕಿ ಶಾಕ್ ಹಳೆಯದೇ ಬಿಟ್ಟಾಗ ಹೀಗಾಗುತ್ತದೆ, ಶಾಕ್ ನಿಂತಲ್ಲೇ ಮುಕ್ಕಾಲು ಪಾಲು ಚಾಚಿಕೊಂಡಿರುತ್ತದೆ. ಇದಕ್ಕೆ ಉಲ್ಟಾ, ಗುಂಡಿಯಲ್ಲಿ ಗಟ್ಟಿಯಾಗಿ ಬಡಿದರೆ ಶಾಕ್ ಉದ್ದವಾಯಿತು, ಬಂಪ್ ಸ್ಟಾಪ್ ಮುಟ್ಟುವ ಮೊದಲೇ ಅದು ಪೂರ್ತಿ ಮುಚ್ಚಿಕೊಳ್ಳುತ್ತಿದೆ. ಒಳಗಿನಿಂದ ಒಡೆಯಲು ತುಂಬಾ ದಿನ ಬೇಡ.

ಎಳೆಯುತ್ತಿಲ್ಲ, ಮೈಲೇಜ್ ಬಿತ್ತು

ಅರ್ಧ ನಿಜ, ಅರ್ಧ ಲೆಕ್ಕದ ತಪ್ಪು. 774 ರಿಂದ 834 ಎಂದರೆ ಪ್ರತಿ ಸುತ್ತಿಗೆ ಶೇ 7.7 ರಷ್ಟು ಜಾಸ್ತಿ ದೂರ. ಮೀಟರ್ 100 ತೋರಿಸುವಾಗ ಮೊದಲಿಗಿಂತ ಸುಮಾರು 8 ಕಿ.ಮೀ. ಜೋರಾಗಿ ಹೋಗುತ್ತಿರುತ್ತೀರಿ, 100 ಕಿ.ಮೀ. ಎಂದು ಮೀಟರ್ ಎಣಿಸಿದ್ದು ನಿಜಕ್ಕೆ 107 ಮೇಲೆ. ಮೀಟರ್ ಸರಿಮಾಡಿಸದೆ ಹಾಕಿದ ಮೈಲೇಜ್ ಲೆಕ್ಕ ಇದ್ದದ್ದಕ್ಕಿಂತ ಕೆಟ್ಟದಾಗಿಯೇ ಬರುತ್ತದೆ.

ಎಳೆತ ಕಡಿಮೆಯಾದದ್ದು ಮಾತ್ರ ನಿಜ. ಆಕ್ಸಲ್ ರೇಷಿಯೋ (ಚಕ್ರ ಒಂದು ಸುತ್ತು ಹಾಕಲು ಶಾಫ್ಟ್ ತಿರುಗಬೇಕಾದ ಸುತ್ತು) 3.73 ಇದ್ದರೆ ಅದನ್ನು 1.077 ರಿಂದ ಗುಣಿಸಿ, 4.02 ಬರುತ್ತದೆ. ಮೊದಲಿನಂತೆ ಎಳೆಯಬೇಕಾದರೆ ಬೇಕಾದ ರೇಷಿಯೋ ಇದು, ಹತ್ತಿರದಲ್ಲಿ ಸಿಗುವುದು 4.10. ಇಷ್ಟು ಚಿಕ್ಕ ವ್ಯತ್ಯಾಸಕ್ಕೆ ನಾನಾದರೆ ಗೇರ್ ಬಿಚ್ಚಿಸುವುದಿಲ್ಲ, ಒಂದು ಗೇರ್ ಕಡಿಮೆಯಲ್ಲಿ ಓಡಿಸಿಕೊಂಡು ಹೋಗುತ್ತೇನೆ. ಆದರೆ ಆಟೋಮ್ಯಾಟಿಕ್ ಗಾಡಿ ಚಿಕ್ಕ ಏರಿಗೂ ಮೇಲಿನ ಗೇರಿಗೂ ಕೆಳಗಿನದಕ್ಕೂ ಒದ್ದಾಡುತ್ತಿದ್ದರೆ ಗೇರ್‌ಬಾಕ್ಸ್ ಬಿಸಿಯಾಗುತ್ತದೆ, ಆಗ ಯೋಚಿಸಬೇಕು. ರೇಷಿಯೋ ಬದಲಿಸುವುದಾದರೆ 4x4 ಗಾಡಿಯಲ್ಲಿ ಹಿಂದೆ ಮುಂದೆ ಎರಡೂ ಒಟ್ಟಿಗೆ.

ಇನ್ನೂ ಏನೂ ಕೊಂಡಿಲ್ಲದವರಿಗೆ

ನಿಮ್ಮದು ಸುಲಭ. ಲಿಫ್ಟ್ ಎಷ್ಟು ಎಂದು ಶುರುಮಾಡಬೇಡಿ, ಟೈರ್ ಎಷ್ಟು ಎಂದು ಶುರುಮಾಡಿ. ಹೋಗುವ ದಾರಿಗೆ ಎಷ್ಟು ಎತ್ತರದ ಟೈರ್ ಬೇಕೋ ನಿರ್ಧರಿಸಿ, ಸಾಧ್ಯವಾದರೆ ಅದೇ ಅಳತೆಯ ಒಂದು ಟೈರನ್ನು ರಿಮ್ ಸಮೇತ ಎರವಲು ತಂದು ಒಂದು ಚಕ್ರಕ್ಕೆ ಹಾಕಿ, ನಿಂತಲ್ಲೇ ಕಟ್ ಹೊಡೆದು ನೋಡಿ. ಎಲ್ಲಿ ತಗಲುತ್ತದೆ ಎಂದು ನೋಡಿದ ಮೇಲೆ ಬೇಕಾದದ್ದು ಲಿಫ್ಟೋ, ಆಫ್‌ಸೆಟ್ಟೋ, ಬಂಪ್ ಸ್ಟಾಪೋ ಗೊತ್ತಾಗುತ್ತದೆ. ಅಗಲಕ್ಕಿಂತ ಎತ್ತರಕ್ಕೆ ಆಸೆಪಡಿ. ಅದೇ ಎತ್ತರದ ಕಡಿಮೆ ಅಗಲದ ಟೈರ್ ಸಿಕ್ಕರೆ ಉಜ್ಜುವುದೂ ಕಡಿಮೆ, ತೂಕವೂ ಕಡಿಮೆ.

ಹಾಕಿಸಿದ ಮೇಲೆ ಮೊದಲ ಕೆಲವು ನೂರು ಕಿ.ಮೀ. ಓಡಿದ ನಂತರ ಎಲ್ಲ ಬೋಲ್ಟನ್ನೂ ಟಾರ್ಕ್ ರೆಂಚಿನಿಂದ ಮತ್ತೊಮ್ಮೆ ನೋಡಿ, ಅಲೈನ್ಮೆಂಟ್ ಮಾಡಿಸಿ, ಮುಗಿಲಿಗೆ ಮುಖ ಮಾಡಿದ ಹೆಡ್‌ಲೈಟನ್ನು ಕೆಳಗಿಳಿಸಿ. ಸ್ಟೆಪ್ನಿಯನ್ನೂ ಅದೇ ಅಳತೆಯದ್ದು ಕೊಳ್ಳಿ. ಪಾರ್ಟ್-ಟೈಮ್ ಗಾಡಿಯಲ್ಲಿ ಮೂರು ದೊಡ್ಡ, ಒಂದು ಚಿಕ್ಕ ಟೈರ್ ಹಾಕಿ 4x4 ಒತ್ತಿದರೆ ಗಟ್ಟಿ ನೆಲದಲ್ಲಿ ಇಡೀ ಗೇರ್ ಸರಣಿ ಒಂದಕ್ಕೊಂದು ಬಿಗಿದುಕೊಳ್ಳುತ್ತದೆ. ಆ ದೊಡ್ಡ ಸ್ಟೆಪ್ನಿ ಗಾಡಿಯ ಕೆಳಗಿನ ಹಳೆಯ ಜಾಗದಲ್ಲಿ ಹಿಡಿಸುತ್ತದೆಯೇ ಎಂದು ಟೈರ್ ಕೊಳ್ಳುವ ದಿನವೇ ಅಳೆದು ನೋಡಿ.